ಶೂನ್ಯಸ್ಥಲ ನಿರ್ಣಯ: ಹಿಮಬಯಲಿನಿಂದ ಮುರಕಲ್ಲ ಪದವಿನವರೆಗೆ

ಉಪೋದ್ಘಾತ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿ ಮುಂದೆ ಹೋಗಬೇಕೆಂದು ಹಳಬರ ಕಟ್ಟಳೆ. ವಿಷಯವೇನು, ಪ್ರಯೋಜನವೇನು, ಓದಲು ಅಧಿಕಾರಿ ಯಾರು, ಒಂದಕ್ಕೊಂದು ಸಂಬಂಧವೇನು. ಈ ಗ್ರಂಥದ ವಿಷಯ ನಕ್ಷೆಯಲ್ಲಿ ಬೆಳ್ಳಗೆ ಬಿಟ್ಟ ಜಾಗ. ಪ್ರಯೋಜನ, ಅಂಥ ಜಾಗವನ್ನು ಕಂಡು ಮೋಸಹೋಗದಿರುವುದು. ಅಧಿಕಾರಿ, ವಿಲೇಜ್ ಆಫೀಸಿನ ಬೆಂಚಿನ ಮೇಲೆ ಒಂದು ಬೆಳಗ್ಗೆಯಾದರೂ ಕೂತೆದ್ದವರು. ಉಳಿದವರೂ ಓದಬಹುದು, ಸೂಕ್ಷ್ಮಗಳು ತುಸು ತಡವಾಗಿ ಹೊಳೆದಾವು.

ತೊಡಕಿರುವುದು ಸಂಬಂಧದಲ್ಲಿ. ಧ್ರುವದ ಹಿಮಬಯಲಿಗೂ ಕಾಸರಗೋಡು ಜಿಲ್ಲೆಯ ಬೆಳ್ಳೂರು ಪಂಚಾಯತಿಗೂ ಎತ್ತಣ ನಂಟು? ಭಾರತವು ಅಂಟಾರ್ಕ್ಟಿಕಾದಲ್ಲಿ ಕಟ್ಟಿದ ಮೊದಲ ನೆಲೆ ‘ದಕ್ಷಿಣ ಗಂಗೋತ್ರಿ’ ಇದ್ದದ್ದು 12 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೆಳ್ಳೂರು ಇರುವುದು 12 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ಇಷ್ಟೇ ಸಾಕ್ಷ್ಯದ ಮೇಲೆ ಇದಕ್ಕಿಂತ ದೊಡ್ಡ ಸಿದ್ಧಾಂತಗಳು ನಿಂತದ್ದುಂಟು. ಆದರೂ ಇದಕ್ಕಿಂತ ಗಟ್ಟಿಯಾದ ಸಂಬಂಧ ಒಂದಿದೆ, ಅದು ಏಳನೆಯ ವರ್ಗದಲ್ಲಿ ಬರುತ್ತದೆ.

ಪೂರ್ವಪಕ್ಷಿ ಇಲ್ಲದೆ ಶಾಸ್ತ್ರವಿಲ್ಲ. ನಮ್ಮ ಪೂರ್ವಪಕ್ಷಿ ಕಿನ್ನಿಂಗಾರಿನ ಕಡೆಯ ಅಡಿಕೆ ಕೃಷಿಕರು. ಮುಳ್ಳೇರಿಯಕ್ಕೆ ಹೋಗುವ ಬಸ್ಸು ಕಾಯುವಾಗ ಸಿಕ್ಕಿದವರು, ನನ್ನನ್ನು ‘ಮಾಷ್ಟ್ರೆ’ ಎನ್ನುವವರು. ಯಾವ ಸಿದ್ಧಾಂತವನ್ನೂ ಒಂದೇ ಸಲಕ್ಕೆ ಒಪ್ಪದಿರುವುದು ಅವರ ವಿಶೇಷ ಅರ್ಹತೆ.

ಲಕ್ಷಣ ವಿಚಾರ

ನಕ್ಷೆಯಲ್ಲಿ ಯಾವ ಜಾಗಕ್ಕೆ ಗೆರೆ, ಬಣ್ಣ, ಹೆಸರು ಮೂರೂ ಇಲ್ಲವೋ ಅದು ಶೂನ್ಯಸ್ಥಲ ಎಂದು ಮೊದಲು ಹೇಳಿ ನೋಡೋಣ. ಕೂಡಲೇ ಅತಿವ್ಯಾಪ್ತಿ ದೋಷ ಬಂತು. ಹಾಳೆಯ ಸುತ್ತಿನ ಅಂಚೂ ಶೂನ್ಯಸ್ಥಲವಾಯಿತು, ಮಡಿಚಿ ಮಡಿಚಿ ಹರಿದ ತೂತೂ ಆಯಿತು. ಯಾರೂ ವಾಸಿಸದ ಜಾಗ ಎನ್ನೋಣವೆಂದರೆ ಅವ್ಯಾಪ್ತಿ: ಜನವಿದ್ದೂ ಬೆಳ್ಳಗೆ ಉಳಿದ ಜಾಗಗಳು ಹೊರಗೆ ನಿಂತವು. ಏನೂ ಇಲ್ಲದ ಜಾಗ ಎಂದರೆ ಅಸಂಭವ, ಅಂಥದೊಂದು ಭೂಮಿಯ ಮೇಲೆ ಎಲ್ಲೂ ಇಲ್ಲ. ಹಾಗಾಗಿ ದೋಷವಿಲ್ಲದ ಲಕ್ಷಣ ಇದು: ನಕ್ಷೆ ಮಾಡಿದವನು ನಡೆಯದ, ಕೇಳದ, ಇಲ್ಲವೆ ಕೇಳಿಯೂ ಬರೆಯದ ಜಾಗವೇ ಶೂನ್ಯಸ್ಥಲ.

“ಹಾಗಾದ್ರೆ ತಪ್ಪು ಜಾಗದ್ದಲ್ಲ, ಸರ್ವೆಯವರದ್ದು ಅಂತ ಸೀದಾ ಹೇಳಿ ಮಾಷ್ಟ್ರೆ” ಎಂದರು ಪೂರ್ವಪಕ್ಷಿ. ಸೀದಾ ಹೇಳಿದರೆ ಗ್ರಂಥ ಇಲ್ಲಿಗೇ ಮುಗಿಯುತ್ತದೆ. ಬಸ್ಸು ಇನ್ನೂ ಬಂದಿರಲಿಲ್ಲ.

ದ್ರವ್ಯ ವಿಚಾರ

ಶೂನ್ಯಸ್ಥಲಗಳು ಎರಡು ದ್ರವ್ಯಗಳಲ್ಲಿ ಸಿಗುತ್ತವೆ, ಹಿಮ ಮತ್ತು ಮುರಕಲ್ಲು. ಆಗಷ್ಟೇ ಬಿದ್ದ ಹಿಮ ಘನ ಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ. ಒಂದು ಬೇಸಿಗೆ ಕರಗದೆ ಉಳಿದು, ಮೇಲಿನ ಪದರಗಳ ಭಾರಕ್ಕೆ ಒತ್ತಿಕೊಂಡು 400 ಕಿಲೋ ದಾಟಿದಾಗ ಅದನ್ನು ‘ಫರ್ನ್’ ಎನ್ನುತ್ತಾರೆ. ಸುಮಾರು 830 ಕಿಲೋಗೆ ಬಂದಾಗ ಒಳಗಿನ ಗಾಳಿಯ ದಾರಿಗಳೆಲ್ಲ ಮುಚ್ಚಿ, ಗುಳ್ಳೆಗಳು ಸೆರೆಯಾಗಿ, ಗಟ್ಟಿ ಮಂಜುಗಡ್ಡೆಯಾಗುತ್ತದೆ. ಅಂಟಾರ್ಕ್ಟಿಕಾದ ನಡುವಿನ ಎತ್ತರದ ಬಯಲಿನಲ್ಲಿ ಈ ಕೆಲಸಕ್ಕೆ ಸಾವಿರಾರು ವರ್ಷ ಬೇಕು. ಅಲ್ಲಿ ವರ್ಷಕ್ಕೆ ಬೀಳುವ ಹಿಮವನ್ನು ಕರಗಿಸಿ ಅಳೆದರೆ 50 ಮಿ.ಮೀ. ನೀರೂ ಆಗುವುದಿಲ್ಲ. ಶಾಸ್ತ್ರೀಯವಾಗಿ ಅದು ಮರುಭೂಮಿ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಧ್ರುವಕ್ಕೆ ಒಂದು ವರ್ಷಕ್ಕೆ ಸಾಲುವಷ್ಟನ್ನು ನಮ್ಮ ಆಷಾಢ ಒಂದೇ ದಿನದಲ್ಲಿ ಸುರಿದು ಮುಗಿಸುತ್ತದೆ.

ಮುರಕಲ್ಲನ್ನು ಮಾಡಿದ್ದು ಈ ಮಳೆಯೇ. ಲಕ್ಷಾಂತರ ವರ್ಷ ಸುರಿದು ಬಂಡೆಯೊಳಗಿನ ಸಿಲಿಕಾವನ್ನು ತೊಳೆದು ಹಾಕಿತು, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿದವು. ಕೋರೆಯಲ್ಲಿ ಕಡಿಯುವಾಗ ಮೆತ್ತಗಿರುವ ಕಲ್ಲು ಗಾಳಿ ಬಿಸಿಲು ಸೋಕಿದಂತೆ ಗಡುಸಾಗುತ್ತದೆ. ಹಿಮ ಹೂತುಹೋಗಿ ಗಟ್ಟಿಯಾಗುತ್ತದೆ, ಮುರಕಲ್ಲು ಹೊರಗೆ ಬಂದು ಗಟ್ಟಿಯಾಗುತ್ತದೆ. ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಜಗತ್ತಿಗೆ ಗೊತ್ತಿರುವ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್, 1807ರ ಗ್ರಂಥದಲ್ಲಿ. ಮಲಬಾರಿನ ಅಂಗಾಡಿಪುರದಲ್ಲಿ ಕಂಡದ್ದನ್ನು ಆಧರಿಸಿ.

ಗುಡ್ಡದ ನೆತ್ತಿಯಲ್ಲಿ ಈ ಕಲ್ಲು ಚಪ್ಪಟೆಯಾಗಿ ಹರಡಿಕೊಂಡಲ್ಲಿ ಅದು ‘ಪದವು’. ಮೇ ತಿಂಗಳಲ್ಲಿ ನೋಡಿದವನು ಕಾದ ಕಲ್ಲು, ಒಣಗಿದ ಮುಳಿಹುಲ್ಲು ಎಂದು ಬರೆದುಕೊಂಡು ಹೋಗುತ್ತಾನೆ. ಸೆಪ್ಟೆಂಬರಿನಲ್ಲಿ ಬಂದವನಿಗೆ ಕಲ್ಲಿನ ತಗ್ಗುಗಳಲ್ಲಿ ಪಳ್ಳಗಳು ತುಂಬಿರುತ್ತವೆ. ಅವುಗಳ ಸುತ್ತ ಗುಂಡುಸೂಜಿಯ ತಲೆಯಷ್ಟು ದಪ್ಪದ ಬಿಳಿಯ ಹೂಗಳು ಸಾವಿರಗಟ್ಟಲೆ ಎದ್ದು ನಿಂತಿರುತ್ತವೆ, ನಡುವೆ ಹುಳ ಹಿಡಿದು ತಿನ್ನುವ ನೀಲಿ ಹೂವಿನ ಗಿಡಗಳು. ಒಂದೇ ಪದವು, ಎರಡು ವರದಿ. ಸರ್ವೆಯವರು ಬರುವುದು ಸಾಮಾನ್ಯವಾಗಿ ಮಳೆಗೆ ಮುಂಚೆ.

ವರ್ಗ 1: ಅಗಮ್ಯ

ಯಾರೂ ಹೋಗಿರದ ಕಾರಣ ಬೆಳ್ಳಗಿರುವುದು ಅಗಮ್ಯ. ಇದರಲ್ಲಿ ಎರಡು ಉಪಭೇದ, ಸ್ವಭಾವ ಅಗಮ್ಯ ಮತ್ತು ಸೌಕರ್ಯ ಅಗಮ್ಯ. ಮೊದಲಿನದು ನಿಜವಾಗಿ ಹೋಗಲಾಗದ್ದು. ಜೇಮ್ಸ್ ಕುಕ್ 1773ರ ಜನವರಿ 17ರಂದು ದಕ್ಷಿಣ ಧ್ರುವವೃತ್ತವನ್ನು ದಾಟಿದರೂ ಮಂಜುಗಡ್ಡೆಗೆ ತಡೆದು ನೆಲ ಕಾಣದೆ ಮರಳಿದ. ಮನುಷ್ಯ ಧ್ರುವಬಿಂದುವಿನ ಮೇಲೆ ನಿಂತದ್ದು 1911ರ ಡಿಸೆಂಬರ್ 14ರಂದು, ರೋಆಲ್ ಅಮುಂಡ್ಸನ್‌ನ ತಂಡದೊಡನೆ. ನಡುವಿನ 138 ವರ್ಷ ಆ ಬಿಳುಪು ಪ್ರಾಮಾಣಿಕ ಬಿಳುಪು.

ಎರಡನೆಯದು ಹೋಗಬಹುದಿದ್ದರೂ ದಾರಿ ಬೇರೆ ಕಡೆ ಚೆನ್ನಾಗಿದ್ದುದರಿಂದ ಉಳಿದದ್ದು. ಟಿಪ್ಪು ಮಡಿದ ಮೇಲೆ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು, ಮಲಬಾರ್, ಕೆನರಾಗಳನ್ನು ನೋಡಿ ಬರೆಯಲು ಹೊರಟ ಅದೇ ಬುಕಾನನ್ 1801ರಲ್ಲಿ ಮಲಬಾರಿನಿಂದ ಮಂಗಳೂರಿಗೆ ಹೋದದ್ದು ಕರಾವಳಿ ಹಿಡಿದು. ಬೆಳೆ, ಬಾಡಿಗೆ, ಗೇಣಿ, ಜಾತಿ, ಉಪ್ಪು, ಮೀನು ಎಲ್ಲವನ್ನೂ ವಿಚಾರಿಸಿ ಬರೆದ ಮನುಷ್ಯ. ಒಳನಾಡಿನ ಬೆಳ್ಳೂರು ಅವನ ದಾರಿಯಲ್ಲಿ ಬರಲಿಲ್ಲ. ದೋಷವೆನ್ನಲಾಗದು, ದೂರವೂ ಎನ್ನಲಾಗದು.

ವರ್ಗ 2: ಕಲ್ಪಿತ

ಬಿಳುಪನ್ನು ನೋಡಿಕೊಂಡು ಸುಮ್ಮನಿರುವುದು ನಕ್ಷೆಕಾರರಿಗೆ ಕಷ್ಟ. ಆಗ ಕಲ್ಪಿತ ವರ್ಗ ಹುಟ್ಟುತ್ತದೆ. ಮರ್ಕೇಟರ್ ಸತ್ತ ಮರುವರ್ಷ, 1595ರಲ್ಲಿ ಅಚ್ಚಾದ ಅವನ ಉತ್ತರ ಧ್ರುವದ ನಕ್ಷೆಯಲ್ಲಿ ಧ್ರುವಬಿಂದುವಿನ ಮೇಲೆ ಒಂದು ಕರಿಯ ಬಂಡೆ, ಸುತ್ತ ನಾಲ್ಕು ದ್ವೀಪ, ಅವುಗಳ ನಡುವೆ ನಾಲ್ಕು ನದಿ. ಒಂದು ದ್ವೀಪದಲ್ಲಿ ಕುಳ್ಳರು ವಾಸಿಸುತ್ತಾರೆಂಬ ಟಿಪ್ಪಣಿಯೂ ಉಂಟು. 18ನೇ ಶತಮಾನದಲ್ಲಿ ಫ್ರಾನ್ಸಿನ ಫಿಲಿಪ್ ಬುವಾಷ್ ದಕ್ಷಿಣ ಧ್ರುವದ ನೆಲವನ್ನು ಎರಡು ಹೋಳು ಮಾಡಿ ನಡುವೆ ಒಂದು ಸಮುದ್ರವನ್ನು ಇಟ್ಟ. ಆ ನೆಲವನ್ನು ಆಗ ಯಾರೂ ಕಂಡೇ ಇರಲಿಲ್ಲ. ಮೇರು ಪರ್ವತದ ಸುತ್ತ ಏಳು ದ್ವೀಪ, ಏಳು ಸಮುದ್ರ, ಅದರಲ್ಲೊಂದು ಹಾಲಿನದು ಎಂದು ಎಣಿಸಿದ ನಮ್ಮ ಪುರಾಣಿಕರಿಗೆ ಈ ವರ್ಗದಲ್ಲಿ ಅಗ್ರಪೂಜೆ ಸಲ್ಲಬೇಕು. ಅವರು ಅಕ್ಷಾಂಶ ರೇಖಾಂಶ ಹೇಳಿ ಯಾರನ್ನೂ ಹೊರಡಿಸಲಿಲ್ಲ ಎಂಬುದೂ ಅವರ ಪರವಾಗಿ ದಾಖಲಾಗಲಿ.

ಹೊರಡಿಸಿದವರ ಕಥೆ ಬೇರೆ. 1892ರಲ್ಲಿ ರಾಬರ್ಟ್ ಪಿಯರಿ ಗ್ರೀನ್‌ಲ್ಯಾಂಡಿನ ಉತ್ತರದ ಹಿಮದ ಮೇಲೆ ನಿಂತು, ಮುಂದೆ ಒಂದು ಸಮುದ್ರ ಕಾಲುವೆ ನೆಲವನ್ನು ಕತ್ತರಿಸಿಕೊಂಡು ಹೋಗುತ್ತದೆಂದು ತಿಳಿದು ಹಾಗೇ ನಕ್ಷೆಗಿಳಿಸಿದ. ಅದಕ್ಕೆ ಅವನದೇ ಹೆಸರು ಬಂತು. ಆ ಕರಾವಳಿಯ ನಕ್ಷೆ ಮಾಡಲು 1906ರಲ್ಲಿ ಹೋದ ಡೇನಿಷ್ ತಂಡದ ನಾಯಕ ಮುಲಿಯುಸ್ ಎರಿಕ್‌ಸನ್ ಮತ್ತು ಅವನ ಇಬ್ಬರು ಜೊತೆಗಾರರು 1907ರ ಚಳಿಗಾಲದಲ್ಲಿ ಹಿಮದಲ್ಲಿ ಸತ್ತರು. ಕಾಲುವೆ ಇಲ್ಲ ಎಂದು ಆತ ಬರೆದಿಟ್ಟ ಚೀಟಿ ಕಲ್ಲುಗುಡ್ಡೆಯೊಂದರಲ್ಲಿ ಎಯ್ನಾರ್ ಮಿಕೆಲ್‌ಸನ್‌ಗೆ ಸಿಕ್ಕಿದ್ದು 1910ರಲ್ಲಿ. ಪಿಯರಿ 1906ರಲ್ಲಿ ದೂರದಿಂದ ಇನ್ನೊಂದು ನೆಲವನ್ನು ‘ಕಂಡು’ ಹಣ ಕೊಟ್ಟ ಬ್ಯಾಂಕರನ ಹೆಸರಿನಲ್ಲಿ ‘ಕ್ರಾಕರ್ ಲ್ಯಾಂಡ್’ ಎಂದ. 1914ರಲ್ಲಿ ಡೊನಾಲ್ಡ್ ಮ್ಯಾಕ್‌ಮಿಲನ್ ಅದನ್ನು ಹುಡುಕಿಕೊಂಡು ಸಮುದ್ರದ ಮಂಜುಗಡ್ಡೆಯ ಮೇಲೆ ದಿನಗಟ್ಟಲೆ ನಡೆದ. ಗುಡ್ಡ, ಕಣಿವೆ, ಹಿಮಶಿಖರ ಎಲ್ಲ ಎದುರಿಗೇ ಕಾಣುತ್ತಿತ್ತು. ಜೊತೆಗಿದ್ದ ಇನುಯಿಟ್ ಬೇಟೆಗಾರ ಪಿಯುಗಾಟೋಕ್, ಅದು ಬರೀ ಮಂಜು ಎಂದ. ಹಾಗೇ ಆಯಿತು.

“ಊರವನ ಮಾತು ಮೊದಲೇ ಕೇಳಬೇಕಿತ್ತು” ಎಂದರು ಪೂರ್ವಪಕ್ಷಿ. ಇದು ಪೂರ್ವಪಕ್ಷವಲ್ಲ, ಸಿದ್ಧಾಂತದ ಮುನ್ಸೂಚನೆ ಎಂದು ಗುರುತು ಹಾಕಿಕೊಂಡೆ.

ನಮ್ಮ ಕಡೆಯ ಕಲ್ಪಿತ ಸ್ಥಲ ಇನ್ನೂ ದೊಡ್ಡದು. 1802ರ ಏಪ್ರಿಲಿನಲ್ಲಿ ಮದರಾಸಿನಲ್ಲಿ ಸರಪಳಿ ಹಾಸಿ ಅಳತೆ ಶುರುಮಾಡಿದ ವಿಲಿಯಂ ಲ್ಯಾಂಬ್ಟನ್ ತ್ರಿಕೋನದ ಮೇಲೆ ತ್ರಿಕೋನ ಕಟ್ಟಿಕೊಂಡು ಮಂಗಳೂರಿನ ಕಡಲು ಮುಟ್ಟಿದಾಗ, ಅದುವರೆಗೆ ನಕ್ಷೆಗಳು 400 ಮೈಲಿ ಎನ್ನುತ್ತಿದ್ದ ಅಗಲ ಬರೀ 360 ಮೈಲಿ ಎಂದು ತಿಳಿಯಿತು. 40 ಮೈಲಿ ಅಗಲದ ನೆಲ ಎಂದೂ ಇರಲೇ ಇಲ್ಲ. ಅಷ್ಟಕ್ಕೆ ತೀರ್ವೆ ಕಟ್ಟಿದವರು ಯಾರಾದರೂ ಇದ್ದರೆ ಅರ್ಜಿ ಹಾಕಬಹುದಿತ್ತು.

ವರ್ಗ 3: ಚಲ

ನಕ್ಷೆ ಸರಿಯಾಗಿದ್ದೂ ಜಾಗವೇ ಜರುಗಿದರೆ ಚಲ. ದಕ್ಷಿಣ ಧ್ರುವದಲ್ಲಿ ಅಮೆರಿಕದವರ ನೆಲೆ ನಿಂತಿರುವ ಮಂಜಿನ ಹಾಸು ವರ್ಷಕ್ಕೆ ಸುಮಾರು 10 ಮೀಟರ್ ಸರಿಯುತ್ತದೆ. ಹಾಗಾಗಿ ಧ್ರುವಬಿಂದುವಿನ ಗುರುತುಕಂಬವನ್ನು ಪ್ರತಿ ಜನವರಿ 1ರಂದು ಕಿತ್ತು ಸರಿಯಾದ ಜಾಗಕ್ಕೆ ನೆಡುತ್ತಾರೆ. ನಮ್ಮ ದಕ್ಷಿಣ ಗಂಗೋತ್ರಿಯನ್ನು 1983–84ರಲ್ಲಿ ಕಟ್ಟಿದ್ದೂ ಸಮುದ್ರದ ಮೇಲೆ ಚಾಚಿದ ಮಂಜಿನ ಹಾಸಿನ ಮೇಲೆ. ಹಿಮ ಬಿದ್ದು ಬಿದ್ದು ಹೂತುಹೋಗುತ್ತಾ ಬಂದು 1990ರಲ್ಲಿ ಅದನ್ನು ಬಿಡಬೇಕಾಯಿತು. ಅಷ್ಟರೊಳಗೆ, 1989ರಲ್ಲಿ, ಶಿರ್ಮಾಕರ್ ಓಯಸಿಸ್ ಎಂಬ ಬರಿಯ ಕಲ್ಲುನೆಲದ ಮೇಲೆ ‘ಮೈತ್ರಿ’ ಎದ್ದಿತ್ತು. ಕಲ್ಲಿನ ಮೇಲೆ ಮನೆ ಕಟ್ಟಬೇಕೆಂದು ಬೆಳ್ಳೂರಿನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಬೆಳ್ಳೂರಿನ ಕಲ್ಲು ಒಂದು ಇಂಚೂ ಜರುಗುವುದಿಲ್ಲ. ಆದರೆ ಅದರ ವಿಳಾಸ ಜರುಗಿದೆ. 1956ರ ಅಕ್ಟೋಬರ್ 31ರಂದು ಅದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಮರುದಿನ ಬೆಳಗ್ಗೆ ಕೇರಳ. ಆಮೇಲೆ ಕಣ್ಣೂರು ಜಿಲ್ಲೆ. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ, ಆಗಿನ ಮೈಸೂರು ರಾಜ್ಯಕ್ಕೆ, ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಆ ಪಯಣ ಕಾಗದದ ಮೇಲೆಯೇ ನಿಂತಿತು. ಧ್ರುವದಲ್ಲಿ ನೆಲ ನಡೆಯುತ್ತದೆ, ಗೆರೆ ಹಿಂಬಾಲಿಸುತ್ತದೆ. ನಮ್ಮಲ್ಲಿ ಗೆರೆ ನಡೆಯಿತು, ನೆಲ ಅಲ್ಲೇ ಉಳಿದು ಎರಡು ಭಾಷೆಯಲ್ಲಿ ಅರ್ಜಿ ಬರೆಯಲು ಕಲಿಯಿತು.

ವರ್ಗ 4: ಅಂತರ್ಗತ

ಮೇಲೆ ಬಿಳುಪು, ಅಡಿಯಲ್ಲಿ ಸಂಸಾರ. ಇದು ಅಂತರ್ಗತ. ಅಂಟಾರ್ಕ್ಟಿಕಾದ ಹಿಮಬಯಲನ್ನು ಮೇಲಿಂದ ಎಷ್ಟು ಅಳೆದರೂ ಅಡಿಯ ನೆಲ ಕಾಣುವುದಿಲ್ಲ. ರೇಡಿಯೊ ಅಲೆ ಮಂಜಿನೊಳಗೆ ತೂರಿ, ಬಂಡೆಗೋ ನೀರಿಗೋ ತಾಗಿ ಹಿಂತಿರುಗುತ್ತದೆ. ಆ ಹೊತ್ತನ್ನು ಅಳೆದರೆ ಆಳ ಸಿಗುತ್ತದೆ. ವಿಮಾನದಲ್ಲಿ ಇಂಥ ಯಂತ್ರ ಕಟ್ಟಿಕೊಂಡು 1960, 70ರ ದಶಕಗಳಿಂದ ಹಾರಿದವರ ಲೆಕ್ಕಗಳನ್ನು ಕೂಡಿಸಿ ‘ಬೆಡ್‌ಮ್ಯಾಪ್’ ಎಂಬ ಅಡಿನೆಲದ ನಕ್ಷೆ 2001ರಲ್ಲಿ ಬಂತು. 2013ರಲ್ಲಿ, 2025ರಲ್ಲಿ ಅದನ್ನು ತಿದ್ದಿ ಬರೆದರು. ರಷ್ಯದ ವಾಸ್ತೋಕ್ ನೆಲೆಯವರು ಕೂತಿದ್ದ ಮಂಜಿನ ಕೆಳಗೆ, ಸುಮಾರು 4 ಕಿ.ಮೀ. ಆಳದಲ್ಲಿ, ಹೆಪ್ಪುಗಟ್ಟದ ನೀರಿನ ಸರೋವರವೊಂದು ಇದೆಯೆಂದು 1996ರಲ್ಲಿ ಜಗತ್ತಿಗೆ ಖಚಿತವಾಯಿತು. ಅದರ ಹರವು ಸುಮಾರು 12,500 ಚದರ ಕಿ.ಮೀ. ನೆಲೆ ಶುರುವಾದದ್ದು 1957ರಲ್ಲಿ. ನಲವತ್ತು ವರ್ಷ ಕೆರೆಯ ಮೇಲೆ ಕೂತು, ಕುಡಿಯಲು ಹಿಮ ಕರಗಿಸಿಕೊಂಡರು.

ನಮ್ಮ ಪದವಿನ ಅಡಿಯಲ್ಲೂ ನೀರಿದೆ. ಅದನ್ನು ಹುಡುಕಲು ವಿಮಾನ ಬೇಕಾಗಲಿಲ್ಲ. ಬೆಳ್ಳೂರು, ಎಣ್ಮಕಜೆ, ಬಾಯಾರು, ಪಡ್ರೆಯ ಕಡೆ ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಒಬ್ಬ ಆಳು ಹೋಗುವಷ್ಟು ಎತ್ತರ, ಭುಜ ತಾಗದಷ್ಟು ಅಗಲ. ಒಳಗೆ ಒಬ್ಬ ಪಿಕ್ಕಾಸಿನಲ್ಲಿ ಕಡಿಯುವುದು, ಇನ್ನೊಬ್ಬ ಮಣ್ಣು ಹೊರುವುದು, ಬೆಳಕಿಗೆ ಮೊಂಬತ್ತಿ. ಮೊಂಬತ್ತಿ ನಂದಿತೆಂದರೆ ಗಾಳಿ ಸಾಲದು, ಹೊರಗೆ ಬರಬೇಕು. ಮುರಕಲ್ಲಿನ ಕೆಳಗೆ ಮೆತ್ತನೆಯ ಜೇಡಿ ಪದರ ಸಿಕ್ಕಿದಲ್ಲಿ ನೀರು ಒಸರುತ್ತದೆ. ಅದು ಸುರಂಗದ ನೆಲದ ಇಳಿಜಾರಿನಲ್ಲಿ ತಾನಾಗಿ ಹರಿದು ಹೊರಗಿನ ಮಣ್ಣಿನ ಟಾಂಕಿ ಸೇರುತ್ತದೆ. ಪಂಪು ಬೇಡ, ಕರೆಂಟು ಬೇಡ. ಕೆಲವು ಸುರಂಗಗಳು ನೂರಾರು ಅಡಿ ಒಳಗೆ ಹೋಗಿ ಕವಲೊಡೆಯುತ್ತವೆ. ಪದವಿನ ಮೇಲೆ ಬಿದ್ದ ಮಳೆ ಪಳ್ಳದಲ್ಲಿ, ಮದಕವೆಂಬ ಕೆರೆಯಲ್ಲಿ ನಿಂತು ಇಂಗಿದರೆ ಮಾತ್ರ ಕೆಳಗೆ ಸುರಂಗ ಬದುಕುತ್ತದೆ. ಬಿಳಿಯ ಜಾಗವೆಂದು ಬಿಟ್ಟದ್ದು ಕೆಳಗಿನ ಮನೆಗಳ ನೀರಿನ ಮೂಲ. ಸರ್ವೆ ನಕ್ಷೆಯಲ್ಲಿ ಬಾವಿಗೆ ಒಂದು ಗುರುತಿದೆ, ಸುರಂಗಕ್ಕೆ ಯಾವ ಗುರುತನ್ನೂ ನಾನು ಕಂಡಿಲ್ಲ.

ವರ್ಗ 5: ಸೀಮಾ

ಗೆರೆ ಎಳೆಯುತ್ತಾ ಬಂದವರು ಚಳಿಗೆ ಪೆನ್ನು ಕೆಳಗಿಟ್ಟ ಜಾಗ ಸೀಮಾ ಶೂನ್ಯ. 1949ರ ಕರಾಚಿ ಒಪ್ಪಂದದಲ್ಲಿ ಭಾರತ ಪಾಕಿಸ್ತಾನಗಳ ಕದನವಿರಾಮ ರೇಖೆ ‘ಎನ್‌ಜೆ 9842’ ಎಂಬ ಬಿಂದುವಿನವರೆಗೆ ಬಂದು ನಿಂತಿತು. ಮುಂದಿನದಕ್ಕೆ, ಅಲ್ಲಿಂದ ಉತ್ತರಕ್ಕೆ ಹಿಮನದಿಗಳತ್ತ ಎಂಬ ಅರ್ಥದ ಒಂದು ಮಾತು. ಅಲ್ಲಿಗೆ ಯಾರು ಹೋಗುತ್ತಾರೆ ಎಂದು ಎರಡೂ ಕಡೆಯವರು ಎಣಿಸಿದರು. 1984ರ ಏಪ್ರಿಲ್ 13ರಂದು ಸೈನ್ಯವೇ ಹೋಯಿತು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಆರನೆಯ ದಿನ ಜೀವಸಹಿತ ಸಿಕ್ಕವರು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಫೆಬ್ರವರಿ 11ರಂದು ಅವರೂ ಹೋದರು. ಈ ವರ್ಗದಲ್ಲಿ ಪೂರ್ವಪಕ್ಷಿ ಏನೂ ಕೇಳಲಿಲ್ಲ.

ವರ್ಗ 6: ಕಾಗದ

ನಡೆದು, ನೋಡಿ, ಅಳೆದು, ಕೊನೆಗೆ ಖಾಲಿ ಎಂದು ಬರೆದದ್ದು ಕಾಗದ ಶೂನ್ಯ. ಇದಕ್ಕೆ ಬಿಳಿ ಬಣ್ಣವೂ ಬೇಡ, ಒಂದು ಕಾಲಂ ಸಾಕು. ಭಾರತ ಸರ್ಕಾರದ ಭೂಸಂಪನ್ಮೂಲ ಇಲಾಖೆ ಹೈದರಾಬಾದಿನ ದೂರಸಂವೇದಿ ಕೇಂದ್ರದೊಡನೆ ‘ಪಾಳುಭೂಮಿ ಅಟ್ಲಾಸ್’ ಎಂಬ ಪುಸ್ತಕ ತರುತ್ತದೆ. ಅದರ 2019ರ ಆವೃತ್ತಿಯಲ್ಲಿ ಪಾಳುಭೂಮಿ 23 ಬಗೆ. ಬರಿಯ ಬಂಡೆಯಿರುವ ನೆಲ ಅದರಲ್ಲೊಂದು. ಹಿಮ ಮತ್ತು ಹಿಮನದಿ ಮುಚ್ಚಿದ ನೆಲ ಇನ್ನೊಂದು. ಗಂಗೆಯನ್ನು ಹುಟ್ಟಿಸುವ ಹಿಮವೂ ಸುರಂಗಕ್ಕೆ ನೀರು ಕೊಡುವ ಕಲ್ಲೂ ಹೀಗೆ ಒಂದೇ ಪುಸ್ತಕದಲ್ಲಿ ಅಣ್ಣತಮ್ಮಂದಿರಾಗಿ ಕೂತಿವೆ. ನಾನು ಮಾಡಹೊರಟ ಹೋಲಿಕೆಯನ್ನು ಸರ್ಕಾರ ಮೊದಲೇ ಮಾಡಿಟ್ಟಿರುವುದು ಕಂಡು ಶಾಸ್ತ್ರಕಾರನಿಗೆ ಆಗಬೇಕಾದ ಸಂತೋಷ ಆಯಿತು.

ಊರವರ ವರ್ಗೀಕರಣ ಹೀಗಿಲ್ಲ. ಗದ್ದೆಯನ್ನು ಅವರು ನೀರು ನಿಲ್ಲುವ ಲೆಕ್ಕದಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ಮಾಡಿದರು. ಬೈಲಿನಲ್ಲಿ ನೀರು ಹೆಚ್ಚು ದಿನ, ಮಜಲಿನಲ್ಲಿ ಕಡಿಮೆ, ಬೆಟ್ಟಿನಲ್ಲಿ ಮಳೆಯಿದ್ದಷ್ಟು ದಿನ. ವರ್ಗ ಜಾಗದ, ಅಂದರೆ ಪಟ್ಟೆಯಿರುವ ಕೃಷಿ ಜಾಗದ, ಸುತ್ತ ನೂರು ಗಜದೊಳಗಿನ ಗುಡ್ಡೆ ಕುಮ್ಕಿ. ಸೊಪ್ಪು, ತರಗೆಲೆ, ಹುಲ್ಲು ತರಲು ಕೃಷಿಕನಿಗೆ ಅಲ್ಲಿ ಹಕ್ಕು. ಅಡಿಕೆ ತೋಟದ ಗೊಬ್ಬರ ಹುಟ್ಟುವುದೇ ಅಲ್ಲಿ. ಅದಕ್ಕೂ ಮೇಲೆ ಪದವು. ಮಾಡಿಗೆ ಮುಳಿಹುಲ್ಲು, ದನಕ್ಕೆ ಮೇವು, ಮಕ್ಕಳಿಗೆ ಕುಂಟಾಲ ಹಣ್ಣು, ಮಾರಿದವನಿಗೆ ಕಲ್ಲು. ಆ ವಿಂಗಡಣೆಯಲ್ಲಿ ಯಾವ ತುಂಡಿಗೂ ಪಾಳು ಎಂಬ ಹೆಸರಿಲ್ಲ. ಪ್ರತಿಯೊಂದಕ್ಕೂ ಒಂದು ಕೆಲಸವಿದೆ. ಕಚೇರಿಯ ಪುಸ್ತಕಕ್ಕೆ ಬಂದಾಗ ಇದರಲ್ಲಿ ಬಹುಪಾಲು ‘ಪೊರಂಬೋಕು’.

“ಪೊರಂಬೋಕು ಅಂದ್ರೆ ಯಾರಿಗೂ ಬೇಡದ್ದು ಅಂತ ತಿಳ್ಕೊಂಡವರುಂಟು” ಎಂದರು ಪೂರ್ವಪಕ್ಷಿ. “ಎಲ್ಲರಿಗೂ ಬೇಕಾದ್ದು ಅಂತ ಒಬ್ಬನಿಗೆ ಬರೆದು ಕೊಡದೆ ಇಟ್ಟದ್ದು ಮಾರಾಯ್ರೆ.” ಆರನೆಯ ವರ್ಗದ ಸಿದ್ಧಾಂತ ಹೀಗೆ ಪೂರ್ವಪಕ್ಷದಿಂದಲೇ ಸಿಕ್ಕಿತು.

ವರ್ಗ 7: ಆಕಾಶದೃಷ್ಟ

ಮೇಲಿಂದ ಮಾತ್ರ ನೋಡಿದ ಜಾಗ ಆಕಾಶದೃಷ್ಟ. ಇದರ ಆದಿಪ್ರಸಂಗ 1939ರ ಜನವರಿ, ಫೆಬ್ರವರಿ. ಆಲ್ಫ್ರೆಡ್ ರಿಟ್ಶರ್ ನಾಯಕತ್ವದ ಜರ್ಮನ್ ಹಡಗು ‘ಶ್ವಾಬೆನ್‌ಲಾಂಡ್’ ಅಂಟಾರ್ಕ್ಟಿಕಾದ ಅಂಚಿಗೆ ಬಂತು. ‘ಬೋರೆಯಾಸ್’, ‘ಪಸ್ಸಾಟ್’ ಎಂಬ ಎರಡು ಡಾರ್ನಿಯರ್ ವಿಮಾನಗಳು ಹಿಮಬಯಲಿನ ಮೇಲೆ ಹಾರಿ 11,000ಕ್ಕೂ ಹೆಚ್ಚು ಫೋಟೊ ತೆಗೆದವು. ಈ ನೆಲ ನಮ್ಮದೆಂದು ಸಾರಲು ಸ್ವಸ್ತಿಕ ಕೊರೆದ ಅಲ್ಯುಮಿನಿಯಂ ಈಟಿಗಳನ್ನು ಮೇಲಿಂದ ಬೀಳಿಸಿದವು. ಇವರು ಮುಟ್ಟುವ ಕೆಲವೇ ದಿನ ಮುಂಚೆ, ಜನವರಿ 14ರಂದು, ನಾರ್ವೆ ಅದೇ ನೆಲವನ್ನು ಕೂತಲ್ಲಿಂದಲೇ ತನ್ನದೆಂದು ಘೋಷಿಸಿ ಆಗಿತ್ತು. ಅಷ್ಟು ಸಾವಿರ ಫೋಟೊಗಳಿದ್ದೂ ನಕ್ಷೆ ಸರಿಬರಲಿಲ್ಲ. ಕೆಳಗೆ ಯಾರೂ ನಿಂತು ಒಂದು ಬಿಂದುವನ್ನೂ ಅಳೆದಿರಲಿಲ್ಲವಾದ್ದರಿಂದ ಬೆಟ್ಟಗಳು ಕಾಗದದ ಮೇಲೆ ಎಲ್ಲೆಲ್ಲೋ ಕೂತವು. ಯುದ್ಧ ಮುಗಿದ ಮೇಲೆ ನಾರ್ವೆ, ಬ್ರಿಟನ್, ಸ್ವೀಡನ್ ಜಂಟಿ ತಂಡ 1949ರಿಂದ 52ರವರೆಗೆ ನಾಯಿಬಂಡಿಯಲ್ಲಿ ತಿರುಗಿ ಅಳತೆ ಮಾಡಬೇಕಾಯಿತು. ಬೋರೆಯಾಸ್‌ನ ಪೈಲಟ್ ಶಿರ್ಮಾಕರ್ ಮೇಲಿಂದ ಕಂಡ ಕಲ್ಲುನೆಲ ಅವನ ಹೆಸರಿನಲ್ಲೇ ಉಳಿಯಿತು. 1982ರ ಜನವರಿ 9ರಂದು ಎಸ್. ಝಡ್. ಕಾಸಿಂ ಅವರ ನಾಯಕತ್ವದಲ್ಲಿ 21 ಮಂದಿ ಭಾರತೀಯರು ಆ ಖಂಡದಲ್ಲಿ ಇಳಿದರು. ಅವರ ಹಿಂದೆ ಬಂದವರು ಆ ಕಲ್ಲಿನ ಮೇಲೆ ಕಾಲಿಟ್ಟು ನಡೆದು ಕೆರೆ, ಬಂಡೆ, ಹಿಮದ ತುದಿಗಳನ್ನು ಅಳೆದರು.

ಹಿಮಬಯಲಿನಲ್ಲಿ ಈ ತಪ್ಪಿಗೆ ತಗಲಿದ ವೆಚ್ಚ ಒಂದಷ್ಟು ಕಾಗದ ಮತ್ತು ಈಟಿ. ಕಾಸರಗೋಡಿನಲ್ಲಿ ಹಾಗಾಗಲಿಲ್ಲ. ಇಲ್ಲಿನ ಪದವುಗಳನ್ನು ಗೇರು ತೋಟ ಮಾಡಿದ ಪ್ಲಾಂಟೇಷನ್ ಕಾರ್ಪೊರೇಷನ್ ಆಫ್ ಕೇರಳ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ, ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಮೇಲಿಂದ ಕಾಣುವುದು ಗೇರು. ಗುಡ್ಡದ ಬದಿಯ ಮನೆ, ತೆರೆದ ಬಾವಿ, ಸುರಂಗದ ಬಾಯಿ, ಮದಕ, ಶಾಲೆ, ಕೆಳಗಿನ ತೋಡು, ಇವು ಗೇರಿನ ಲೆಕ್ಕದಲ್ಲಿ ಇರಲಿಲ್ಲ. ನಾಲ್ಕನೆಯ ವರ್ಗದಲ್ಲಿ ಹೇಳಿದ ನೀರಿನ ದಾರಿಯನ್ನು ಓದುಗರು ಇಲ್ಲಿ ನೆನೆಯಬೇಕು. ನೆತ್ತಿಯ ಮೇಲೆ ಬಿದ್ದದ್ದು ಇಳಿದು ಬರುವುದು ಅಲ್ಲಿಗೇ. ಹುಟ್ಟುತ್ತಲೇ ಅಂಗವೈಕಲ್ಯ, ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಕ್ಯಾನ್ಸರ್. ಪಡ್ರೆಯ ಕಡೆ ರೋಗಿಗಳನ್ನು ನೋಡುತ್ತಿದ್ದ ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲೇ ಕೂಗಿ ಹೇಳಿದವರು. ಬಾಧಿತವೆಂದು ಸರ್ಕಾರ ಗುರುತಿಸಿದ 11 ಪಂಚಾಯತಿಗಳ ಪಟ್ಟಿಯಲ್ಲಿ ಬೆಳ್ಳೂರು ಇದೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಈ ವಿಷವನ್ನು ತಡೆಯಿತು. 2017ರ ಜನವರಿ 10ರಂದು ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಬಾಧಿತರ ಪಟ್ಟಿಯಲ್ಲಿ ಹೆಸರು ಬರಲಿಕ್ಕೂ ಜನ ಧರಣಿ ಕೂರಬೇಕಾಯಿತು.

ಈಗ ಮೊದಲಿಗೆ ಹೇಳಿದ ಸಂಬಂಧ. ಅದೇ 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಜಗತ್ತಿನಾದ್ಯಂತ ತೊಡೆಯಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಆ ಪಟ್ಟಿಗೆ ಸೇರಲು ವಿಷ ಬಹುಕಾಲ ಉಳಿಯಬೇಕು, ಜೀವಿಗಳಲ್ಲಿ ಸೇರಬೇಕು, ಜೊತೆಗೆ ಸಿಂಪಡಿಸದ ದೂರದ ಜಾಗಕ್ಕೂ ತಾನೇ ಹೋಗಿ ಮುಟ್ಟಬೇಕು. ಮುಟ್ಟಿತ್ತು ಎಂಬುದಕ್ಕೆ ಸಾಕ್ಷ್ಯ ಉತ್ತರ ಧ್ರುವ ಪ್ರದೇಶ. ಯಾರೂ ಬೇಸಾಯ ಮಾಡದ ಅಲ್ಲಿನ ಗಾಳಿಯಲ್ಲಿ, ಹಿಮದಲ್ಲಿ, ನೀರಿನಲ್ಲಿ, ಪ್ರಾಣಿಗಳಲ್ಲಿ ಅದು ಸಿಕ್ಕಿತ್ತು. ಬಿಸಿಯೂರಿನಲ್ಲಿ ಆವಿಯಾದದ್ದು ಗಾಳಿಯೊಡನೆ ಹೋಗಿ ಚಳಿಯಲ್ಲಿ ಇಳಿಯುತ್ತದೆ, ಹಿಮ ಅದನ್ನು ಹಿಡಿದಿಡುತ್ತದೆ. ಅದು ಯಾವ ದೇಶದ ಯಾವ ತೋಟದ್ದೆಂದು ಹಿಮ ಹೇಳುವುದಿಲ್ಲ, ಬಂದಿದೆಯೆಂದಷ್ಟೇ ಹೇಳುತ್ತದೆ. ಖಾಲಿಯೆಂದು ಬಗೆದ ಒಂದು ನೆಲದ ಮೇಲೆ ಸುರಿದ ಜಾತಿಯ ವಿಷಕ್ಕೆ, ಖಾಲಿಯೆಂದು ಬಗೆದ ಇನ್ನೊಂದು ನೆಲ ಸಾಕ್ಷಿ ನುಡಿಯಿತು.

“ನಮ್ಮ ಮಕ್ಕಳು ಸಾಕ್ಷಿ ಹೇಳಿದ್ದು ಸಾಕಾಗಲಿಲ್ಲವಾ ಮಾಷ್ಟ್ರೆ?” ಎಂದು ಪೂರ್ವಪಕ್ಷಿ ಕೇಳಿದರು. ಈ ಗ್ರಂಥದಲ್ಲಿ ಉತ್ತರ ಕೊಡಲಾಗದ ಪ್ರಶ್ನೆ ಇದೊಂದೇ.

ನಿರ್ಣಯ

ಏಳು ವರ್ಗಗಳನ್ನು ಸೋಸಿದರೆ ಉಳಿಯುವುದು ಎರಡು. ಹೋಗಲಾಗದೆ ಬಿಟ್ಟದ್ದು, ಹೋಗಬೇಕೆನಿಸದೆ ಬಿಟ್ಟದ್ದು. ಮೊದಲಿನದು ಧ್ರುವದಲ್ಲಿತ್ತು, ಈಗ ಅಲ್ಲೂ ಹೆಚ್ಚೇನೂ ಉಳಿದಿಲ್ಲ. ಅಂಟಾರ್ಕ್ಟಿಕಾದ ಹೆಸರುಗಳ ಅಂತರರಾಷ್ಟ್ರೀಯ ಕೋಶದಲ್ಲಿ 35,000ಕ್ಕೂ ಹೆಚ್ಚು ಹೆಸರುಗಳಿವೆ. ಬೇಸಿಗೆಯಲ್ಲಿ ಕೆಲವು ಸಾವಿರ, ಚಳಿಗಾಲದಲ್ಲಿ ಸುಮಾರು ಒಂದು ಸಾವಿರ ಮಂದಿ ಇರುವ ಖಂಡಕ್ಕೆ ಇಷ್ಟು. ಒಂದೇ ಶಿಖರಕ್ಕೆ ಎರಡು ಮೂರು ದೇಶದವರು ಇಟ್ಟ ಹೆಸರುಗಳೂ ಅದರಲ್ಲಿವೆ. ತಲೆತಲಾಂತರದಿಂದ ದನ ಮೇಯಿಸಿ, ಹುಲ್ಲು ಕೊಯ್ದು, ಕೋಲ ಕಟ್ಟಿಸಿ, ಒಂದೊಂದು ಪಳ್ಳಕ್ಕೂ ಒಂದೊಂದು ಬಂಡೆಗೂ ತುಳುವಿನಲ್ಲಿ, ಕನ್ನಡದಲ್ಲಿ, ಮರಾಟಿಯಲ್ಲಿ ಹೆಸರಿಟ್ಟುಕೊಂಡ ಪದವುಗಳು ಕಚೇರಿಯ ಹಾಳೆಯಲ್ಲಿ ಬರಿಯ ನಂಬರುಗಳು. ಖಾಲಿ ಎಂಬುದು ನೆಲದ ವರ್ಣನೆಯಲ್ಲ, ಮುಂದೆ ಮಾಡಲಿರುವ ಕೆಲಸಕ್ಕೆ ಮೊದಲೇ ಬರೆದುಕೊಂಡ ಪರವಾನಿಗೆ.

ಫಲಶ್ರುತಿ

ಈ ಗ್ರಂಥವನ್ನು ಓದಿದವನಿಗೆ ಪಟ್ಟೆ ಸಿಗುತ್ತದೆ, ಸರ್ವೆ ನಂಬರು ಸರಿಹೋಗುತ್ತದೆ ಎಂದು ಹೇಳಲು ಶಾಸ್ತ್ರಕಾರನಿಗೆ ಧೈರ್ಯವಿಲ್ಲ. ಹೇಳಬಹುದಾದ ಫಲ ಒಂದೇ. 2022ರ ನವೆಂಬರ್ 1ರಿಂದ ಕೇರಳದಲ್ಲಿ ಡಿಜಿಟಲ್ ಮರುಸರ್ವೆ ನಡೆಯುತ್ತಿದೆ. ಉಪಗ್ರಹದ ಸಂಕೇತ ಹಿಡಿದು ಸೆಂಟಿಮೀಟರಿನ ಲೆಕ್ಕದಲ್ಲಿ ಗಡಿ ಅಳೆಯುವ ಯಂತ್ರ ಹೊತ್ತವರು ಅಂಗಳಕ್ಕೆ ಬರುತ್ತಾರೆ. ಓದಿದವನು ಅವರಿಗೆ ಬಾಯಾರಿಕೆಗೆ ಕೊಟ್ಟು, ತೋಟದ ಗಡಿಕಲ್ಲು ತೋರಿಸಿದ ಮೇಲೆ ಅಷ್ಟಕ್ಕೇ ಬಿಡಬಾರದು. ಗುಡ್ಡ ಹತ್ತಿಸಿ ಪದವಿನ ಹೆಸರು ಹೇಳಬೇಕು, ಪಳ್ಳದ ಹೆಸರು ಹೇಳಬೇಕು, ಸುರಂಗದ ಬಾಯಿ ಎಲ್ಲಿ, ಅದರ ನೀರು ಎಷ್ಟು ಮನೆಗೆ ಹೋಗುತ್ತದೆ ಎಂದು ಹೇಳಬೇಕು. ಬರೆದುಕೊಳ್ಳಲು ಕಾಲಂ ಇಲ್ಲ ಎಂದರೆ ಷರಾ ಎಂಬ ಕಾಲಂ ಎಲ್ಲ ಫಾರಂನಲ್ಲೂ ಇರುತ್ತದೆ. “ಅದರಲ್ಲೂ ಬರೀಲಿಕ್ಕಾಗುದಿಲ್ಲ ಅಂದ್ರೆ?” ಎಂದು ಪೂರ್ವಪಕ್ಷಿ ಬಸ್ಸಿನ ಮೆಟ್ಟಿಲ ಮೇಲಿಂದ ಕೇಳಿದರು. ಬರೆಯುವ ತನಕ ಬಾಯಾರಿಕೆ ಕೊಡುವುದು ಬೇಡ ಎಂದೆ. ಅದನ್ನು ಮಾತ್ರ ಅವರು ಒಂದೇ ಸಲಕ್ಕೆ ಒಪ್ಪಿದರು.